ಸುನಂದೆ ಬರೆದಿಟ್ಟ ಅರ್ಧ ಪುಟ

ಮೊನ್ನೆ ಪಾಣೆಮಂಗಳೂರಿನ ಬಟ್ಟೆ ಅಂಗಡಿಯೊಂದರಲ್ಲಿ ನೆಲ ಒರೆಸುತ್ತಿದ್ದ ಹೆಂಗಸಿನ ಬಕೆಟ್ಟಿನಿಂದ ಮಜ್ಜಿಗೆ ಹುಲ್ಲಿನ ಎಣ್ಣೆಯ ವಾಸನೆ ಎದ್ದಿತು. ನಿಮಗೆ ಅದು ಸ್ವಚ್ಛತೆಯ ವಾಸನೆ ಇರಬಹುದು. ನನಗೆ ಅದು ಸುನಂದೆಯ ವಾಸನೆ. ಸೀರೆ ಆರಿಸುತ್ತಾ ನಿಂತಲ್ಲೇ ಹೊಟ್ಟೆಕಿಚ್ಚು ಶುರುವಾಯಿತು.

ಸುನಂದೆ ಮೂಡುಬಿದಿರೆಯವಳು, ನಾನು ಬೆಳ್ತಂಗಡಿಯವಳು. ಇಬ್ಬರೂ ಮೂಡುಬಿದಿರೆಯಲ್ಲಿ ತಾಳೆಗರಿ ಗ್ರಂಥಗಳಿಗೆ ಹುಳ ಹಿಡಿಯದಂತೆ ಈ ಎಣ್ಣೆ ಸವರುವ ಕೆಲಸಕ್ಕಿದ್ದೆವು. ಹಳೆಯ ಗ್ರಂಥಗಳನ್ನು ಕಾಪಾಡುವುದನ್ನು ಕಲಿಸುವ ಒಂದು ವರ್ಷದ ಕೋರ್ಸಿಗೆ ಇಬ್ಬರಿಗೂ ಹೊರದೇಶದಲ್ಲಿ ಸೀಟು ಸಿಕ್ಕಿತು. ದೇಶದ ಹೆಸರು ಬೇಡ. ನನಗೆ ವೀಸಾ ಕೊಡದವರಿಗೆ ನಾನೇಕೆ ಪುಕ್ಕಟೆ ಪ್ರಚಾರ ಕೊಡಲಿ?

ಇಬ್ಬರ ವೀಸಾ ಅರ್ಜಿ ತುಂಬಿದವಳೂ ನಾನೇ. ನನ್ನ ಇಂಗ್ಲಿಷಿನ ಮೇಲೆ ಆಗ ನನಗೆ ಭಾರೀ ಅಭಿಮಾನ. ನಮ್ಮ ಕಡೆಯ ಜೈನ ಮನೆಗಳಲ್ಲಿ ಅಳಿಯಕಟ್ಟು, ಅಂದರೆ ಮನೆತನ ಇಳಿದು ಬರುವುದು ತಾಯಿಯ ಕಡೆಯಿಂದ. ಸೋದರಮಾವನೇ ಯಜಮಾನ, ಮದುವೆಯ ಮಾತಾಗಲಿ, ಹಲ್ಲು ಕೀಳಿಸುವುದಾಗಲಿ, ಅವರು ಹೂಂ ಅನ್ನಬೇಕು. ಹಾಗಾಗಿ ಖರ್ಚು ಹೊರುವ ‘ಪೋಷಕ’ ಎಂಬಲ್ಲಿ, ಅಪ್ಪಂದಿರು ಗಟ್ಟಿಮುಟ್ಟಾಗಿರುವಾಗಲೇ, ಇಬ್ಬರ ಮಾವಂದಿರ ಹೆಸರನ್ನೂ ಬರೆದೆ. ಸುನಂದೆಗೆ ಅನುಮಾನ.

“ಅಲ್ಲಿಯವರಿಗೆ ನಮ್ಮ ಅಳಿಯಕಟ್ಟು ಎಲ್ಲಿಂದ ಗೊತ್ತಾಗ್ಬೇಕು ಮಾರಾಯ್ತಿ? ನಾನೊಂದು ಅರ್ಧ ಪುಟ ಬರೆದು ಜೊತೆಗೆ ಇಡ್ತೇನೆ. ನೀನೂ ಇಡು.”

“ಮಾವ ಅಂದ್ರೆ ಯಾರು ಅಂತ ವಿವರಿಸ್ಲಿಕ್ಕೆ ಎಂತ ಉಂಟು? ಇಡೀ ಲೋಕಕ್ಕೇ ಗೊತ್ತುಂಟು,” ಎಂದೆ. ನನ್ನ ಲೋಕ ನಮ್ಮ ಪಕ್ಕದ ಪುಂಜಾಲಕಟ್ಟೆ ದಾಟಿದ್ದು ಕಡಿಮೆ.

ಒಂದೇ ವಾರದಲ್ಲಿ ಇಬ್ಬರಿಗೂ ನಿರಾಕರಣೆ ಬಂತು, ಒಂದೇ ಮಾತಿನಲ್ಲಿ: ತಂದೆ ಇರುವಾಗ ಮಾವ ಏಕೆ ಖರ್ಚು ನೋಡಿಕೊಳ್ಳುತ್ತಾರೆಂದು ಸ್ಪಷ್ಟವಿಲ್ಲ, ಓದು ಮುಗಿಸಿ ಊರಿಗೆ ಮರಳುವಿರೆಂಬ ಭರವಸೆಯೂ ಇಲ್ಲ. ನಾನು ಅತ್ತುಬಿಟ್ಟೆ. ಅವಳಿಗೂ ಸಿಗಲಿಲ್ಲವಲ್ಲ ಎಂಬ ಸಮಾಧಾನ ಮಾತ್ರ ಒಳಗೊಳಗೇ ಇತ್ತು.

ಅವಳು ಸುಮ್ಮನಿರಬೇಕಲ್ಲ! ಕೋರ್ಸಿನವರಿಗೆ ಬರೆದು ಸೀಟನ್ನು ಕಾದಿರಿಸಿಕೊಂಡಳು, ಆ ದೇಶದ ವಕೀಲರೊಬ್ಬರನ್ನು ಹಿಡಿದು ಅಲ್ಲಿಯ ಕೋರ್ಟಿಗೇ ಹೋದಳು. “ಸರ್ಕಾರದ ಜೊತೆ ಜಗಳ ಯಾಕೆ? ಅದೂ ಬೇರೆಯವರ ಸರ್ಕಾರ,” ಎಂದು ಬುದ್ಧಿ ಹೇಳಿದೆ. ಕೆಲವು ತಿಂಗಳ ಮೇಲೆ ಫೋನ್ ಬಂತು. “ಗೆದ್ದೆ!”

ನ್ಯಾಯಾಧೀಶರು ವೀಸಾ ಕೊಡಲಿಲ್ಲ. ಅದು ಅವರ ಕೆಲಸವಲ್ಲವಂತೆ. ಆ ಅರ್ಧ ಪುಟವನ್ನು ಅಧಿಕಾರಿ ಗಣನೆಗೇ ತಂದುಕೊಂಡಿಲ್ಲ, ಆದ್ದರಿಂದ ಈ ತೀರ್ಮಾನ ನಿಲ್ಲದು, ಬೇರೊಬ್ಬ ಅಧಿಕಾರಿ ಹೊಸದಾಗಿ ನೋಡಲಿ ಎಂದರು, ಅಷ್ಟೇ. ಬೇರೊಬ್ಬರು ನೋಡಿದರು, ಕೊಟ್ಟರು. ಅವಳು ವಿಮಾನ ಹತ್ತಿದಳು.

ನಾನೂ ಗುಟ್ಟಾಗಿ ಅದೇ ವಕೀಲರಿಗೆ ಫೋನ್ ಮಾಡಿದೆ. ಗಡುವು ಮೀರಿದೆ ಎಂದರು. ಮೀರದಿದ್ದರೂ ಕಷ್ಟವಿತ್ತು ಎಂದರು. “ಅಧಿಕಾರಿಯ ಮುಂದೆ ಇದ್ದದ್ದನ್ನು ಅವರು ಸರಿಯಾಗಿ ನೋಡಿದರೇ ಎಂದಷ್ಟೇ ಕೋರ್ಟು ಕೇಳುತ್ತದೆ. ನೀವು ಏನು ಇಟ್ಟಿದ್ದಿರಿ?” ನಾನು ಇಟ್ಟದ್ದು ಮಾವನ ಹೆಸರು ಮಾತ್ರ. ಹೊಸ ಅರ್ಜಿ ಹಾಕೋಣವೆಂದರೆ ಅಷ್ಟರಲ್ಲಿ ನನ್ನ ಸೀಟು ಇನ್ಯಾರದೋ ಪಾಲಾಗಿತ್ತು.

ಆ ವರ್ಷವಿಡೀ ಅವಳ ಒಂದೊಂದು ಫೋಟೋವನ್ನೂ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಒಂದಕ್ಕೂ ಮೆಚ್ಚುಗೆ ಒತ್ತಲಿಲ್ಲ. ಹೇಳಿದ ಹಾಗೆ ಅವಳು ಓದು ಮುಗಿಸಿ ಊರಿಗೆ ಮರಳಿದ್ದಕ್ಕೂ ನನಗೆ ಸಿಟ್ಟು. ಆ ಹೊತ್ತಿಗೆ ನಾನು ಮೂಡುಬಿದಿರೆಯ ಕೆಲಸ ಬಿಟ್ಟಿದ್ದೆ. ನಾಲ್ಕು ತಿಂಗಳಾದರೂ ಅವಳ ಮುಖ ನೋಡಲು ಹೋಗಲಿಲ್ಲ. ಬಸ್ಸು ಸರಿಯಿಲ್ಲ ಎಂದು ಅಮ್ಮನಿಗೆ ಹೇಳುತ್ತಿದ್ದೆ.

ಮೊನ್ನೆ ಅಂಗಡಿಯಲ್ಲಿ ನಿಂತಾಗ ಈ ಉರಿಯನ್ನು ಎಷ್ಟು ದಿನ ಹೊತ್ತು ತಿರುಗುವುದು ಎನಿಸಿತು. ಸೀರೆ ಕೊಳ್ಳದೆ ಮೂಡುಬಿದಿರೆಯ ಬಸ್ಸು ಹತ್ತಿದೆ. ಸುನಂದೆ ನಮ್ಮ ಹಳೆಯ ಕೆಲಸದ ಕೋಣೆಯಲ್ಲಿ ಗ್ರಂಥವೊಂದನ್ನು ಹರಡಿಕೊಂಡು ಕುಳಿತಿದ್ದಳು. ಅವಳು “ಬಾ” ಎನ್ನುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿಬಿಟ್ಟೆ: “ತೀರ್ಪಿನ ದಿನ ನೀನು ಸೋಲ್ಬೇಕು ಅಂತ ನಾನು ಬಸದಿಗೆ ಹೋಗಿ ಕೈ ಮುಗಿದಿದ್ದೆ.”

ಅವಳು ತಲೆಯೆತ್ತಲಿಲ್ಲ. “ಗೊತ್ತಿತ್ತು. ಇಲ್ಲದಿದ್ರೆ ಗೆದ್ದ ಸುದ್ದಿಯನ್ನು ಅಮ್ಮನಿಗಿಂತ ಮೊದಲು ನಿನಗೆ ಯಾಕೆ ಹೇಳ್ತಿದ್ದೆ? ನಿನ್ನ ಹೊಟ್ಟೆ ಉರಿಯಲಿ ಅಂತಲೇ ಹೇಳಿದ್ದು.”

ಇಬ್ಬರಿಗೂ ನಗು ಬಂತು, ನನಗೆ ಸ್ವಲ್ಪ ತಡವಾಗಿ. ಒಳಗೆ ಹೋಗಿ ಎದುರು ಕುಳಿತೆ. “ಅಲ್ಲಿ ಹೇಗಿತ್ತು?” ಎಂದು ಮೊದಲ ಸಲ ಕೇಳಿದೆ. ಅವಳು ಹೇಳತೊಡಗಿದಳು. ಮಾತು ಮಾತಿಗೂ ಹೊಟ್ಟೆ ಉರಿಯಿತು. ಆದರೂ ನಡುವೆ ಎದ್ದು ಹೋಗಲಿಲ್ಲ.