ಆಂಟಿವೈರಸ್ ಬದಲಿಸಿದ ವಾರ

ನನ್ನ ಗಂಡನಿಗೆ ಬಂದಿರುವುದು ಮರೆವಿನ ಕಾಯಿಲೆ ಅಂತ ಡಾಕ್ಟರು ಹೇಳಿದ ಮೇಲೆ ಅವರು ದಿನಾ ತಿಂಡಿ ಮುಗಿಸಿ ಕಂಪ್ಯೂಟರ್ ಮುಂದೆ ಕೂರತೊಡಗಿದರು. ನೆನಪಿರುವುದನ್ನೆಲ್ಲ ಬರೆದಿಡಬೇಕು ಅನ್ನುವ ಹಟ. "ತಲೆಯಿಂದ ಹೋಗೋದ್ರೊಳಗೆ ಇಲ್ಲಿಗೆ ಇಳಿಸ್ಬಿಡ್ತೀನಿ ಕಣೆ" ಅನ್ನುತ್ತಿದ್ದರು.

ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಓಡಾಡಿ, ಚಿತ್ರದುರ್ಗದ ಒಂದು ಪ್ರೆಸ್ಸಿನಲ್ಲಿ ಬಹಳ ವರ್ಷ ದುಡಿದವರು ಅವರು. ಮೊದಲು ಅಚ್ಚಿನ ಮೊಳೆ ಜೋಡಿಸುವ ಕೆಲಸ, ಆಮೇಲೆ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಟೈಪು ಮಾಡುವ ಕೆಲಸ. ಕನ್ನಡ ಟೈಪು ಮಾಡುವುದಕ್ಕೆ ಅವರ ಗೆಳೆಯರೊಬ್ಬರು ಸ್ವಂತವಾಗಿ ಒಂದು ಪ್ರೋಗ್ರಾಂ ಮಾಡಿಕೊಟ್ಟಿದ್ದರು. ಅದರ ಅಕ್ಷರಗಳ ಜಾಗವೇ ಬೇರೆ, ಫೈಲುಗಳೂ ಬೇರೆ. ಮನೆಯ ಕಂಪ್ಯೂಟರಿನಲ್ಲೂ ಅದೇ ಇತ್ತು. ಬೆಳಿಗ್ಗೆ ತಿಂದದ್ದನ್ನು ಮಧ್ಯಾಹ್ನ ಮರೆಯುವವರು ಆ ಪ್ರೋಗ್ರಾಂ ತೆರೆದರೆ ಗೋಡೆ ನೋಡಿಕೊಂಡೇ ಟೈಪು ಮಾಡುತ್ತಿದ್ದರು. ಬೆರಳುಗಳಿಗೆ ಮರೆವು ಬಂದಿರಲಿಲ್ಲ.

ಒಂದು ದಿನ ಚಹಾ ಇಡಲು ಹೋದವಳು ಬೆನ್ನ ಹಿಂದೆ ನಿಂತು ಓದಿದೆ. ನನ್ನ ತವರು ರಾಮಗಿರಿಗೆ ಹೆಣ್ಣು ನೋಡಲು ಬಂದ ದಿನದ ಬಗ್ಗೆ ಬರೆಯುತ್ತಿದ್ದರು. ರೈಲು ಇಳಿಯುವಾಗ ಒಂದು ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತಂತೆ. ಹೆಣ್ಣಿನ ಮನೆಗೆ ಹೇಗೆ ಹೋಗಲಿ ಎಂದು ಸ್ಟೇಷನ್ನಿನ ಬೆಂಚಿನ ಮೇಲೆ ಕೂತರಂತೆ. ಇಷ್ಟು ವರ್ಷ ಸಂಸಾರ ಮಾಡಿದರೂ ನನಗಿದು ಗೊತ್ತಿರಲಿಲ್ಲ.

"ಆಮೇಲೇನು ಮಾಡಿದ್ರಿ?" ಎಂದೆ.

"ಬರೀತೀನಿ ತಡಿ, ಓದ್ಕೊಳ್ಳುವಂತೆ" ಎಂದು ನಕ್ಕರು.

ಆ ದಿನಗಳಲ್ಲೇ ಹಳೆಯ ಆಂಟಿವೈರಸ್ಸಿನ ಅವಧಿ ಮುಗಿದು, ಪರದೆಯ ಮೂಲೆಯಲ್ಲಿ ಗಳಿಗೆಗೊಂದು ಸಲ ಕೆಂಪು ಚೌಕ ಏಳತೊಡಗಿತು. ನೀವು ಅಪಾಯದಲ್ಲಿದ್ದೀರಿ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ಅವರು ಅದನ್ನು ಓದಿದವರೇ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕುತ್ತಿದ್ದರು. "ಯಾರೋ ಬರ್ತಾವ್ರೆ ಕಣೆ. ಅಪಾಯ ಅಂತ ಬರೆದೈತೆ, ನೋಡು." ಅದು ಕಂಪ್ಯೂಟರಿಗೆ ಹೇಳಿದ್ದು ಎಂದರೆ ಕೇಳುತ್ತಿರಲಿಲ್ಲ. ಒಂದು ದಿನ ಹಾಲು ತರಲು ಹೊರಟವಳ ಮಣಿಕಟ್ಟು ಹಿಡಿದುಕೊಂಡು ಮಧ್ಯಾಹ್ನದವರೆಗೆ ಬಿಡಲೇ ಇಲ್ಲ.

ಮಾರನೇ ದಿನ ಕಂಪ್ಯೂಟರ್ ಅಂಗಡಿಯವರನ್ನು ಮನೆಗೆ ಕರೆಸಿದೆ. "ಇದನ್ನ ತೆಗೆದು ಬೇರೆ ಕಂಪನೀದು ಹಾಕ್ತೀನಮ್ಮ. ಅದು ಹಿಂಗೆ ಕಾಡಲ್ಲ, ಸುಮ್ಕಿರ್ತೈತೆ" ಎಂದರು. ಹಳೆಯದನ್ನು ತೆಗೆದು, ಕಂಪ್ಯೂಟರ್ ಆರಿಸಿ ಹಚ್ಚಿ, ಹೊಸದನ್ನು ಹಾಕಿದರು. ಅದು ಇಡೀ ಕಂಪ್ಯೂಟರನ್ನು ತಪಾಸಣೆ ಮಾಡಲು ಶುರು ಮಾಡಿದಾಗ ಅಂಗಡಿಯವರಿಗೆ ಫೋನು ಬಂತು. "ಇದು ಮುಗಿಯಾಕೆ ಎರಡು ತಾಸು ಬೇಕು. ಏನಾದ್ರೂ ಕೇಳಿದ್ರೆ ಯೆಸ್ ಒತ್ತಿಬಿಡ್ರಿ" ಎಂದು ಹೇಳಿ ಹೋದರು.

ನಾನು ರೊಟ್ಟಿ ಹಿಟ್ಟು ಕಲಸುತ್ತಿದ್ದೆ. ಟಣ್ ಎಂದು ಸದ್ದಾಯಿತು. ಕೈ ಒರೆಸಿಕೊಂಡು ಬಂದು ನೋಡಿದರೆ, ಅಪಾಯಕಾರಿಯಾದದ್ದು ಒಂದು ಸಿಕ್ಕಿದೆ, ಅಳಿಸಲೇ ಎಂದು ಕೇಳುತ್ತಿತ್ತು. ಯೆಸ್ ಒತ್ತಿದೆ. ಪೀಡೆ ತೊಲಗಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಕೂತರು. ಪ್ರೋಗ್ರಾಮಿನ ಚಿತ್ರದ ಮೇಲೆ ಒತ್ತಿದರು. ಅದು ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದರು. ಎಷ್ಟೋ ಸಲ ಒತ್ತಿದರು. ಆಮೇಲೆ ಎರಡೂ ಕೈಗಳನ್ನು ತಿರುವಿ ತಿರುವಿ ನೋಡಿಕೊಂಡರು.

"ಲೇ, ಇದನ್ನ ಹೆಂಗೆ ತೆಗೀಬೇಕು ಅನ್ನೋದೇ ಮರ್ತೋಗೈತೆ ನಂಗೆ."

"ನೀವು ಮರ್ತಿಲ್ಲ ಕಣ್ರೀ. ಕಂಪ್ಯೂಟರೇ ಕೆಟ್ಟೈತೆ."

"ಸುಮ್ನಿರು. ನನ್ನ ಸಮಾಧಾನಕ್ಕೆ ಹೇಳ್ಬ್ಯಾಡ."

ಅಂಗಡಿಯವರು ಓಡಿ ಬಂದರು. ನಾವು ಒತ್ತುವ ಅಕ್ಷರಗಳನ್ನು ಕದ್ದು ನೋಡುವ ಕಳ್ಳ ಪ್ರೋಗ್ರಾಂ ಎಂದು ಹೊಸ ಆಂಟಿವೈರಸ್ ಆ ಟೈಪಿನ ಪ್ರೋಗ್ರಾಮನ್ನೇ ತಪ್ಪು ತಿಳಿದಿತ್ತಂತೆ. "ಪಕ್ಕಕ್ಕೆ ಎತ್ತಿಟ್ಟಿದ್ರೆ ವಾಪಸ್ ತರಬೋದಿತ್ತಮ್ಮ. ಪೂರ್ತಿ ಅಳಿಸಿಬಿಟ್ಟೈತೆ" ಎಂದು ತಲೆ ತಗ್ಗಿಸಿದರು. ಬರೆದ ಫೈಲುಗಳೆಲ್ಲ ಇದ್ದವು. ಬೇರೆ ಯಾವುದರಲ್ಲಿ ತೆರೆದರೂ ಬರೀ ಖಾಲಿ ಚೌಕಗಳು, ಪ್ರಶ್ನೆ ಚಿಹ್ನೆಗಳು. ರಾಮಗಿರಿಯ ಪುಟ ಯಾವುದು ಎಂದು ಗುರುತು ಹಿಡಿಯಲೂ ಆಗಲಿಲ್ಲ.

ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ದುರ್ಗಕ್ಕೆ ಹೋದೆ. ಪ್ರೆಸ್ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಆಗಿತ್ತು. ಪ್ರೋಗ್ರಾಂ ಮಾಡಿದ ಗೆಳೆಯರು ತೀರಿಕೊಂಡಿದ್ದರು. ಅವರ ಹೆಂಡತಿ ಹೊಸದುರ್ಗದಲ್ಲಿದ್ದಾರೆ ಎಂದು ಪಕ್ಕದ ಅಂಗಡಿಯವರು ಹೇಳಿದ್ದಕ್ಕೆ ಮಾರನೇ ದಿನ ಅಲ್ಲಿಗೂ ಹೋದೆ. ಆಯಮ್ಮ ಮಜ್ಜಿಗೆ ಕೊಟ್ಟು ಕೂರಿಸಿ, "ಅವರ ಕಂಪ್ಯೂಟರು, ಸೀಡಿ ಎಲ್ಲ ಗುಜರಿಗೆ ಹಾಕಿ ಬಾಳ ದಿನ ಆತಮ್ಮ" ಎಂದರು. ಆಮೇಲೆ ಮುಖ ಅರಳಿಸಿ, "ಅವರು ಮಾಡಿದ್ರಲ್ಲಿ ಇನ್ನೂ ಬರೆಯೋರು ಅವ್ರಾ?" ಎಂದು ಕೇಳಿದರು. ನಾನು "ಹ್ಞೂ, ಅವ್ರೆ" ಎಂದೆ. ಬಸ್ಸು ಹತ್ತಿದ ಮೇಲೆ ಅಳು ತಡೆಯಲಾಗಲಿಲ್ಲ.

ಅಂಗಡಿಯವರು ಈಗಿನ ಕನ್ನಡ ಕೀಲಿಮಣೆ ಹಾಕಿಕೊಟ್ಟರು. ಇವರ ಬೆರಳುಗಳು ಹಳೆಯ ಜಾಗಗಳಿಗೇ ಹೋಗುತ್ತಿದ್ದವು, ಪರದೆಯ ಮೇಲೆ ಬೇರೆಯೇ ಅಕ್ಷರ ಬೀಳುತ್ತಿತ್ತು. ಮೂರು ದಿನ ಕೂತರು. ನಾಲ್ಕನೇ ದಿನ ತಿಂಡಿ ತಿಂದು ಹಾಸಿಗೆಗೇ ಹೋದರು. ನೋಟ್‌ಬುಕ್ ಹಿಡಿದು ಹತ್ತಿರ ಕೂತು, "ನೀವು ಹೇಳ್ರಿ, ನಾನು ಬರ್ಕಂತೀನಿ" ಎಂದೆ. ಚಪ್ಪಲಿ ಕಿತ್ತುಹೋದ ಮೇಲೆ ಏನು ಮಾಡಿದಿರಿ ಎಂದು ಕೇಳಿದೆ.

"ಯಾರ ಚಪ್ಪಲಿ?" ಎಂದರು.

ಇನ್ನು ತಡೆಯಲಾರದೆ ಒಂದು ದಿನ ಕೈ ಹಿಡಿದು ಹೇಳಿದೆ. "ಅಳಿಸಿದ್ದು ನಾನು ಕಣ್ರೀ. ನಾನೇ ಯೆಸ್ ಒತ್ತಿದ್ದು. ನೀವೇನೂ ಮರ್ತಿರಲಿಲ್ಲ." ಅವರು "ಹೋಗ್ಲಿ ಬಿಡು, ಬೇಕಂತ ಮಾಡಿದ್ಯಾ?" ಎಂದು ನನ್ನ ತಲೆ ಸವರಿದರು. ಅರ್ಧ ಗಂಟೆ ಕಳೆದು, ಯಾಕೆ ಅಳ್ತಿದೀಯ ಎಂದು ಕೇಳಿದರು. ಸಂಜೆ ಕಂಪ್ಯೂಟರಿನ ಕಡೆ ಕೈ ತೋರಿಸಿ, "ಅದನ್ನ ನಡೆಸೋದು ಮರ್ತೋಯ್ತು ನಂಗೆ. ಆವತ್ತಿಗೇ ನನ್ನ ಕತೆ ಮುಗೀತು" ಎಂದರು.

ಅವರು ಮರೆಯದೆ ಉಳಿಸಿಕೊಂಡಿರುವುದು ಅದೊಂದನ್ನೇ. ಆಮೇಲೂ ಎರಡು ಸಲ ನಿಜ ಹೇಳಿದೆ. ಎರಡು ಸಲವೂ ಮೊದಲ ಸಲ ಕೇಳುವವರಂತೆ ಕೇಳಿದರು, ಕ್ಷಮಿಸಿದರು, ಮರೆತರು. ಈಗ ಹೇಳುವುದನ್ನು ಬಿಟ್ಟಿದ್ದೇನೆ.