ಗೋಡೆ ಸೇರಿದ ನೆರಳು

ಗೆರ್ಗಿನತ್ತೆ ಯಾರಿಗೂ ಹೆದರಿದವಳಲ್ಲ. ಬೇಕರಿಯಲ್ಲಿ ದುಡಿಯುವಾಗ ಮೇಲ್ವಿಚಾರಕನ ನೀರಿಳಿಸಿದವಳು. ಗಂಡ ಕುಡಿದು ಬಂದರೆ ಅಂಗಳದಲ್ಲೇ ಮಲಗಿಸಿದವಳು. ಅಂಥವಳು ಒಂದು ದಿನ ನಮ್ಮ ಬಾಗಿಲಲ್ಲಿ ಗಡಗಡ ನಡುಗುತ್ತ ನಿಂತಿದ್ದಳು.

ನಮ್ಮೂರ ಓದುಮನೆಯಲ್ಲಿ ಓದಿದವರಿಗಿಂತ ಹಾಡಿದವರೇ ಹೆಚ್ಚು. ಅದರ ಹೊರಗೋಡೆಯ ಮೇಲೆ ಹಳೆಯ ಹಾಡುಗಾರ್ತಿಯರ ಚಿತ್ರ ಬರೆಯಲು ಪ್ಲೊವ್ದಿವ್ ನಗರದಿಂದ ಕಲಿನಾ ಎಂಬ ಹುಡುಗಿ ಬಂದಿದ್ದಳು. ತೀರಿಹೋದವರನ್ನು ಫೋಟೋ ನೋಡಿ ಬರೆದಳು. ಉಳಿದಿರುವವಳು ಅತ್ತೆ ಒಬ್ಬಳೇ. ಅವಳನ್ನು ಬೆಳಗಿನ ಬಿಸಿಲಲ್ಲಿ ಗೋಡೆಯ ಮುಂದೆ ನಿಲ್ಲಿಸಿ, ಬಿದ್ದ ನೆರಳಿನ ಸುತ್ತ ಇದ್ದಿಲಿನಿಂದ ಗೆರೆ ಎಳೆದಳು. ಅತ್ತೆ ತಲೆವಸ್ತ್ರ ಸರಿಮಾಡಿಕೊಳ್ಳುವ ಸಂಭ್ರಮದಲ್ಲಿದ್ದಳು. ಬಣ್ಣ ಬಳಿದಾದ ಮೇಲೆ ಅವಳಿಗೆ ತನ್ನ ನೆರಳು ಗೋಡೆ ಸೇರಿತೆಂದು ಹೊಳೆಯಿತು.

ಹಿಂದೆ ನಮ್ಮ ಗಾರೆಯವರು ಕಟ್ಟಡ ಗಟ್ಟಿ ನಿಲ್ಲಲೆಂದು ದಾರಿಹೋಕರ ನೆರಳನ್ನು ಗುಟ್ಟಾಗಿ ದಾರದಲ್ಲಿ ಅಳೆದು, ಆ ದಾರವನ್ನು ಗೋಡೆಯೊಳಗಿಟ್ಟು ಕಟ್ಟುತ್ತಿದ್ದರು. ನೆರಳು ಹೋದವರು ನಲವತ್ತು ದಿನದೊಳಗೆ ಸತ್ತು ಅಲ್ಲೇ ಕಾವಲು ದೆವ್ವವಾಗುತ್ತಾರೆ. ಅತ್ತೆಯ ಅಜ್ಜನೂ ಗಾರೆಯವನೇ. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ಬಿಸಿಲಿದ್ದಾಗ ಆ ಗೋಡೆಯ ಪಕ್ಕ ನಡೆಯುವುದನ್ನು ಬಿಟ್ಟೆ.

ಅತ್ತೆ ಊಟ ಬಿಟ್ಟಳು. ಎದೆ ಹಿಡಿದಂತಾಗುತ್ತದೆ ಎನ್ನತೊಡಗಿದಳು. ಪಾದ್ರಿ ನಕ್ಕು ಕಳಿಸಿದ. ಅವನ ನೆರಳೇನೂ ಹೋಗಿರಲಿಲ್ಲವಲ್ಲ. ಕೊನೆಗೆ ನಾನೇ ಅತ್ತೆಯ ಜೊತೆ ಹೋಗಿ ಕಲಿನಾಳ ಮೇಲೆ ಹರಿಹಾಯ್ದೆ, ಅತ್ತೆ ಅಳಿಸು ಎಂದಳು. ಪಾಪ, ಹುಡುಗಿಗೆ ಇದೊಂದೂ ಗೊತ್ತಿರಲಿಲ್ಲ. ಅತ್ತುಬಿಟ್ಟಳು. ಮರುದಿನವೇ ಅಳಿಸುತ್ತೇನೆಂದು ಬಣ್ಣ ಕೆರೆಯುವ ಪಟ್ಟಿ ಹಿಡಿದು ಬಂದಳು.

ಚಿತ್ರದಲ್ಲಿ ಅತ್ತೆ ಗೆಳತಿ ಸ್ಟೊಯ್ನಾಳ ಕೈ ಹಿಡಿದು ನಿಂತಿದ್ದಳು. ಇಬ್ಬರೂ ಹುಡುಗಿಯರಾಗಿದ್ದಾಗಿನಿಂದ ಹಾಡಿನ ಜೋಡಿ. ಸ್ಟೊಯ್ನಾ ಮೇಲೆ ರಾಗ ಎತ್ತಿದರೆ ಇವಳು ಕೆಳಗೆ ಒಂದೇ ಸ್ವರವನ್ನು ಬಿಡದೆ ಹಿಡಿಯುವವಳು. ಸ್ಟೊಯ್ನಾ ಸತ್ತ ಮೇಲೆ ಅತ್ತೆ ಹಾಡಿಲ್ಲ.

ಕಲಿನಾ ಪಟ್ಟಿಯನ್ನು ಗೋಡೆಗೆ ತಾಗಿಸುವಷ್ಟರಲ್ಲಿ ಅತ್ತೆ ಅವಳ ಮಣಿಕಟ್ಟು ಹಿಡಿದಳು.

"ಬಿಡು ಮಗಾ. ಹಂಗೇ ಇರ್ಲಿ."

"ನೀವೇ ಅಳಿಸು ಅಂದ್ರಲ್ಲ ಅಜ್ಜಿ?"

"ಅಂದೆ. ಈಗ್ಲೂ ಜೀವ ಹೋಗೋವಷ್ಟು ಭಯ ಆಗ್ತಿದೆ ಕಣೇ, ಸುಳ್ಳ್ಯಾಕೆ ಹೇಳ್ಲಿ. ಆದ್ರೆ ಕೆಳದನಿ ಇಲ್ದೆ ಈ ಸ್ಟೊಯ್ನಾ ಒಂದ್ ಸಾಲೂ ಹಾಡ್ದೋಳಲ್ಲ. ಇಲ್ಲಿ ಒಬ್ಳನ್ನೇ ಹೆಂಗೆ ನಿಲ್ಸಿ ಹೋಗ್ಲಿ?"

ನಾನು ಬೈದೆ, ಬೇಡಿಕೊಂಡೆ. ಕೇಳಲಿಲ್ಲ. ಮನೆಯ ದಾರಿಯುದ್ದಕ್ಕೂ ನನ್ನ ತೋಳಿಗೆ ಜೋತುಬಿದ್ದಿದ್ದಳು, ನಡುಕ ನಿಂತಿರಲಿಲ್ಲ. ಮನೆಯ ತಿರುವಿನಲ್ಲಿ ನಿಂತು, ತಾನು ಸತ್ತರೆ ಹಾಡುವಾಗ ತೊಡುತ್ತಿದ್ದ ಕೆಂಪು ಉಡುಪನ್ನೇ ತೊಡಿಸು, ಅದಿರುವ ಪೆಟ್ಟಿಗೆಯ ಬೀಗದ ಕೈ ಒಲೆಯ ಹಿಂದಿದೆ ಎಂದಳು. ಆಗಲಿ ಎಂದೆ.