ಅಂಚು ಕೂಡದ ತ್ರಿಕೋನಗಳು

ಕಲ್ಲಂಗಡಿ ಹಣ್ಣನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೂ ನಂಬದೆ ಕೆಳಗಿಡುವವರ ಪೈಕಿ ನಾನು. ತಟ್ಟಿದಾಗ ಯಾವ ಸದ್ದು ಬರಬೇಕೆಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೂ ತಟ್ಟುತ್ತೇನೆ. ಅನುಮಾನಪಡಲು ಜ್ಞಾನವೇನೂ ಬೇಕಿಲ್ಲ. ಹುಬ್ಬು ಸ್ವಲ್ಪ ಗಂಟಿಕ್ಕಿದರೆ ಸಾಕು.

ಇಂಥವಳು ಮಗಳಿಗೆ ಮನೆಯಲ್ಲೇ ಪಾಠ ಹೇಳಲು ಹೊರಟದ್ದಕ್ಕೂ ಅನುಮಾನವೇ ಕಾರಣ. ಗಂಡನ ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ ನಾವು ತುಮಕೂರು ಬಿಟ್ಟು ಸೂರತ್‌ಗೆ, ಅಲ್ಲಿಂದ ವಡೋದರಾದ ಮಂಜಲ್‌ಪುರಕ್ಕೆ ಬಂದೆವು. ನಮ್ಮ ಜಾನು ಪ್ರತಿ ಶಾಲೆಯಲ್ಲೂ ಹೊಸದೊಂದು ಭಾಷೆಯಲ್ಲಿ ಬೈಸಿಕೊಂಡಳು. ಯಾಕೆ ಬೈದರೆಂದು ತಿಳಿಯದ ಕಾರಣ, ತಪ್ಪು ತನ್ನದೇ ಇರಬೇಕೆಂದು ತೀರ್ಮಾನಿಸಿಕೊಂಡಳು. ಅಡುಗೆಮನೆಯಲ್ಲಿ ಲೋಟ ಉರುಳಿದರೆ ಹಜಾರದಲ್ಲಿ ಕೂತವಳು "ಸಾರಿ" ಅನ್ನುತ್ತಿದ್ದಳು. ಕರೆಂಟು ಹೋಗಿ ಫ್ಯಾನು ನಿಂತರೂ "ಸಾರಿ". ಇಷ್ಟು ಚಿಕ್ಕ ಹುಡುಗಿ ಇಷ್ಟೆಲ್ಲದರ ಹೊಣೆ ಹೊತ್ತದ್ದು ನೋಡಲಾಗದೆ ನಾನು ಶಾಲೆ ಬಿಡಿಸಿದೆ.

"ಒಂದು ವರ್ಷ ನೋಡೋಣ. ಆಗ್ಲಿಲ್ಲ ಅಂದ್ರೆ ಜೂನ್‌ಗೆ ಸೇರಿಸೋದೇ," ಎಂದರು ನನ್ನವರು, ರಘು. ಆ ದನಿಯಲ್ಲಿ ಜೂನ್ ಆಗಲೇ ಬಂದುಬಿಟ್ಟಿತ್ತು.

ಮಾಂಟೆಸ್ಸರಿ ಪದ್ಧತಿಯಲ್ಲಿ ರೇಖಾಗಣಿತಕ್ಕೆ ಮರದ ತ್ರಿಕೋನಗಳ ಒಂದು ಪೆಟ್ಟಿಗೆ ಇರುತ್ತದೆ. ಬಣ್ಣಬಣ್ಣದ ತ್ರಿಕೋನಗಳನ್ನು ಅಂಚಿಗೆ ಅಂಚು ಕೂಡಿಸಿ ಮಗು ತಾನೇ ಆಕೃತಿಗಳನ್ನು ಕಟ್ಟಬೇಕು. ಒಂದೇ ಅಳತೆಯ ಆರು ಸಮಬಾಹು ತ್ರಿಕೋನಗಳನ್ನು ಸುತ್ತ ಜೋಡಿಸಿದರೆ ಷಟ್ಕೋನ. ತಪ್ಪಿದರೆ ಪೆಟ್ಟಿಗೆಯ ವಸ್ತುಗಳೇ ತಪ್ಪನ್ನು ತೋರಿಸಿಕೊಡುತ್ತವಂತೆ. ದೊಡ್ಡವರು ಬಾಯಿ ಹಾಕಬೇಕಾಗಿಲ್ಲ. ನನಗೆ ಹಿಡಿಸಿದ್ದು ಇದೇ. ಬಾಯಿ ಹಾಕುವ ದೊಡ್ಡವರನ್ನು ಜಾನು ಸಾಕಷ್ಟು ನೋಡಿದ್ದಳು.

ಪೆಟ್ಟಿಗೆ ಕೊಳ್ಳಲೆಂದು ಅಹಮದಾಬಾದಿಗೆ ಹೋದೆವು. ಅಂಗಡಿಯವನು ಪಾಲಿಶ್ ಮಾಡಿದ ಪೆಟ್ಟಿಗೆಯೊಂದನ್ನು ಒಡವೆಯಂತೆ ಬಿಚ್ಚಿಟ್ಟ. ಹೊಳಪು ಕಂಡಲ್ಲಿ ನನಗೆ ಮೊದಲು ತೋಚುವುದು, ಇದರಡಿ ಏನನ್ನು ಮುಚ್ಚಿದ್ದಾರೆ ಎಂಬುದು. ಕೌಂಟರಿನ ಮೇಲೆಯೇ ಷಟ್ಕೋನ ಜೋಡಿಸಿ, ಕಣ್ಣನ್ನು ಹಲಗೆಯ ಮಟ್ಟಕ್ಕೆ ಇಳಿಸಿ ನೋಡಿದೆ. ಕೂದಲೆಳೆಯಷ್ಟು ಸಂದು ಕಂಡಿತು. ಅಥವಾ ನನ್ನ ಕೂದಲೇ ಕಣ್ಣಿಗೆ ಅಡ್ಡ ಬಂದಿತ್ತೋ ಏನೋ.

"ಮೇಡಮ್, ಬಚ್ಚೋಂ ಕೆ ಲಿಯೇ ಹೈ. ರಾಕೆಟ್ ಥೋಡೀ ಬನಾನಾ ಹೈ?" ಎಂದ ಅಂಗಡಿಯವನು. ಮಕ್ಕಳ ಸಾಮಾನು ತಾನೇ, ರಾಕೆಟ್ ಕಟ್ಟಬೇಕೇ ಎಂಬ ಮಾತು. ಮಕ್ಕಳಿಗಾದರೆ ಸಂದಿದ್ದರೂ ನಡೆಯುತ್ತದೆ ಅನ್ನುವವನ ಹತ್ತಿರ ಕೊಳ್ಳುವುದುಂಟೇ? ಬರಿಗೈಯಲ್ಲಿ ಹೊರಬಂದೆ.

ವಾಪಸು ರೈಲಿನಲ್ಲಿ ನಡಿಯಾದ್ ಸ್ಟೇಷನ್ ದಾಟಿದ ಮೇಲೆ ರಘು, "ಅಲ್ಲ ಕಣೇ, ಅನುಮಾನಪಡೋದಕ್ಕೆ ಇಷ್ಟು ದೂರ ಬರಬೇಕಿತ್ತಾ? ಮನೇಲೇ ಕೂತು ಪಡಬೋದಿತ್ತಲ್ಲ," ಎಂದರು.

ಮನೆಯಲ್ಲೇ ಮಾಡುವುದೆಂದಾಯಿತು. ಎದುರು ಫ್ಲ್ಯಾಟಿನ ಹಂಸಾಬೆನ್ ತಮ್ಮ ಮಗಳ ಮದುವೆಯಲ್ಲಿ ಸೂರತ್ತಿನಿಂದ ತರಿಸಿದ್ದ ಸೀರೆಗಳ ಗಟ್ಟಿ ರಟ್ಟಿನ ಡಬ್ಬಿಗಳನ್ನು ತಂದುಕೊಟ್ಟರು. ಕೊಡುವಾಗ ಒಳಗೆ ಇಣುಕಿ, "ಬೇಬಿ ಸ್ಕೂಲೇ ನಥೀ ಜತೀ?" ಎಂದು ಕೇಳಿದರು, ಪಾಪು ಶಾಲೆಗೆ ಹೋಗಲ್ವಾ ಅಂತ. ಮಗುವಿಗೆ ಏನೋ ಕಾಯಿಲೆಯಿದೆ, ಇವರು ಮುಚ್ಚಿಡುತ್ತಿದ್ದಾರೆ ಎಂಬುದು ಅವರ ಗುಮಾನಿ. ಡಬ್ಬಿಯ ನೆಪದಲ್ಲಿ ಪತ್ತೇದಾರಿಕೆಗೆ ಬಂದಿದ್ದಾರೆ ಎಂಬುದು ನನ್ನದು. ಇಬ್ಬರೂ ಬಹಳ ಅಕ್ಕರೆಯಿಂದ ನಕ್ಕೆವು.

ರೇಖೆಗೆ ಅಗಲವಿಲ್ಲ ಎಂದು ಗಣಿತದವರು ಹೇಳುತ್ತಾರೆ. ಅವರು ರಟ್ಟು ಕತ್ತರಿಸಿದವರಲ್ಲ. ನನ್ನ ಪೆನ್ಸಿಲಿನ ಗೆರೆಗೆ ಒಂದು ಒಳಗಡೆ, ಒಂದು ಹೊರಗಡೆ, ನಡುವೆ ಒಂದು ಬೀದಿಯೇ ಇತ್ತು. ಕತ್ತರಿ ಅದರಲ್ಲಿ ಯಾವ ಬದಿಗೆ ಹೋಗಬೇಕು? ಅಂತೂ ಕತ್ತರಿಸಿ, ಒಂದೊಂದಕ್ಕೆ ಒಂದೊಂದು ಬಣ್ಣದ ಗಾಳಿಪಟದ ಕಾಗದ ಅಂಟಿಸಿ, ಜಾನುವಿನ ಮುಂದೆ ಹರಡಿದೆ.

ಅವಳು ಜೋಡಿಸಿದಳು. ಐದು ತ್ರಿಕೋನಗಳು ಚೆನ್ನಾಗಿ ಕೂತವು. ಆರನೆಯದು ಕೂತ ಮೇಲೆ, ಕತ್ತರಿಸಿದ ಹೋಳಿಗೆಯ ಹಾಗೆ ಒಂದು ಬಿರುಕು ಬಾಯಿ ಬಿಟ್ಟುಕೊಂಡಿತ್ತು.

"ಸರಿಯಾಗಿ ಇಡು ಪುಟ್ಟಾ," ಎಂದೆ.

ತೆಗೆದು ಮತ್ತೆ ಇಟ್ಟಳು. ಮತ್ತೆ ಬಿರುಕು.

"ಗಮನ ಎಲ್ಲಿದೆ? ಅಂಚಿಗೆ ಅಂಚು ಸೇರಿಸಬೇಕು ಅಂದೆನಲ್ಲ."

ಜಾನು ಎರಡೂ ಕೈಗಳನ್ನು ಹಿಂದಕ್ಕೆಳೆದು ತೊಡೆಯ ಮೇಲಿಟ್ಟುಕೊಂಡಳು. "ಸಾರಿ," ಎಂದಳು.

ಶಾಲೆಯ ಬೆಂಚನ್ನು ಯಾರೋ ನಮ್ಮ ಹಜಾರಕ್ಕೆ ತಂದು ಹಾಕಿದ ಹಾಗಿತ್ತು. ಅದರ ಮುಂದೆ ನಿಂತ ಟೀಚರು ನಾನೇ. ಅಂಗಡಿಯವನನ್ನು, ಪಾಲಿಶನ್ನು, ಹಂಸಾಬೆನ್ನರನ್ನು ಎಲ್ಲರನ್ನೂ ಅನುಮಾನಿಸಿದವಳು ನನ್ನ ಕತ್ತರಿಯೊಂದನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ. ನಂಬದೆ ಹೋದದ್ದು ಮಗುವಿನ ಕೈಯನ್ನು.

ಪಕ್ಕದಲ್ಲಿ ಕೂತೆ. "ಜಾನು, ನಿನ್ ಕೈ ವಿಷಯ ಬಿಡು. ಈ ತ್ರಿಕೋನಗಳ ಮೇಲೇ ಡೌಟ್ ಮಾಡಿ ನೋಡು. ಇದ್ರಲ್ಲಿ ಯಾವುದೋ ಒಂದು ಸುಳ್ಳು ಹೇಳ್ತಿದೆ."

ಅವಳು ನನ್ನ ಮುಖ ನೋಡಿದಳು. ಅಮ್ಮ ಮಾಡಿದ್ದರ ಮೇಲೆ ಡೌಟ್ ಮಾಡಬಹುದೇ? ಆಮೇಲೆ ಒಂದರ ಮೇಲೊಂದು ಪೇರಿಸಿದಳು, ತಿರುಗಿಸಿದಳು, ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದಳು. ಥಟ್ಟನೆ ಹಸಿರು ತ್ರಿಕೋನವನ್ನು ಎಳೆದು ಮೇಲಕ್ಕೆತ್ತಿ ಹಿಡಿದಳು.

"ಅಮ್ಮಾ, ಈ ಗ್ರೀನ್‌ವಾಲಾ ಖರಾಬ್ ಇದೆ! ನಾನಲ್ಲ! ನಾನು ಸರಿಯಾಗೇ ಇಟ್ಟಿದ್ದೆ!"

ಮಗಳ ಬಾಯಲ್ಲಿ "ನಾನಲ್ಲ" ಎಂಬ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ಹೊಸ ಹಸಿರು ತ್ರಿಕೋನ ಕತ್ತರಿಸುವಾಗ ಅವಳು ಎದುರೇ ಕೂತು ಕಾವಲು ಕಾದಳು. ಎರಡನ್ನು ತಿರಸ್ಕರಿಸಿದಳು. ಮೂರನೆಯದನ್ನು ಬಹಳ ದಾಕ್ಷಿಣ್ಯದಿಂದ ಒಪ್ಪಿದಳು.

ಆಮೇಲೊಂದು ದಿನ ರಘು ಅಹಮದಾಬಾದಿನಿಂದ ಅದೇ ಮರದ ಪೆಟ್ಟಿಗೆಯನ್ನು ತಂದುಬಿಟ್ಟರು. ಜಾನು ಅದನ್ನೂ ಪೇರಿಸಿ, ತಿರುಗಿಸಿ, ಬಗ್ಗಿ ನೋಡಿ, "ಪಪ್ಪಾ, ಇದು ಪರವಾಗಿಲ್ಲ," ಎಂದಳು. ಹಾಗಾದರೆ ಕೊಳ್ಳುವುದು ಮೇಲೋ, ಮಾಡುವುದು ಮೇಲೋ ಎಂದು ನೀವು ಕೇಳಬಹುದು. ಕೊಂಡದ್ದು ತಪ್ಪದೆ ಕೂರುತ್ತದೆ. ಕೂರದಿದ್ದರೆ ತಪ್ಪು ಮಗುವಿನದು. ಮನೆಯಲ್ಲಿ ಮಾಡಿದ್ದರಲ್ಲಿ ತಪ್ಪು ಅಮ್ಮನದೂ ಇರಬಹುದು. ಮಗುವಿಗೆ ಅದೊಂದು ದೊಡ್ಡ ಸಮಾಧಾನ. ಇದು ನನ್ನ ವಕ್ರ ಕತ್ತರಿಗೆ ನಾನೇ ಹೊಲಿದುಕೊಟ್ಟ ಸಿದ್ಧಾಂತವಿರಬಹುದು ಎಂಬ ಅನುಮಾನವೂ ನನಗಿದೆ.

ಜೂನ್‌ನಲ್ಲಿ ಜಾನು ತಾನಾಗಿಯೇ ಶಾಲೆಗೆ ಹೋಗುತ್ತೇನೆಂದಳು, ಹೋದಳು. ಕೆಲವೇ ವಾರಗಳಲ್ಲಿ ಶಾಲೆಗೆ ಬಂದು ಕಾಣುವಂತೆ ಟೀಚರಿಂದ ಕರೆ ಬಂತು. ಬೋರ್ಡಿನ ಮೇಲೆ ಬರೆದ ಚೌಕವನ್ನು ಕಂಡು ನಿಮ್ಮ ಮಗಳು ಎದ್ದು ನಿಂತು, "ಮ್ಯಾಮ್, ಆರ್ ಯು ಶ್ಯೂರ್?" ಎಂದು ಕೇಳಿದಳು ಎಂಬ ದೂರು. ನಾನು ತಲೆತಗ್ಗಿಸಿ, ಮನೆಯಲ್ಲಿ ಬುದ್ಧಿ ಹೇಳುತ್ತೇನೆ ಮೇಡಮ್ ಎಂದು ಒಪ್ಪಿಕೊಂಡು, ಗೇಟು ದಾಟಿದ್ದೇ ಅವಳಿಗೆ ಒಂದು ಬರ್ಫ್ ಗೋಲಾ ಕೊಡಿಸಿದೆ.

ಬಣ್ಣದ ಆ ಐಸಿನ ಉಂಡೆಯನ್ನು ಕಡ್ಡಿ ಹಿಡಿದು ಸುತ್ತ ತಿರುಗಿಸಿ ನೋಡಿ ಹೇಳಿದಳು: "ಅಮ್ಮಾ, ಇದು ಗೋಲ ಇಲ್ಲ. ನೋಡು, ಇಲ್ಲಿ ಚಪ್ಪಟೆ."

ಗೋಲಾದವನು ನನ್ನನ್ನು ನೋಡಿದ. ನಾನು ಗೋಲಾವನ್ನು ನೋಡಿದೆ. ನಿಜ, ಒಂದು ಕಡೆ ಚಪ್ಪಟೆಯಾಗಿತ್ತು.

"ಹೌದು ಕಣೇ," ಎಂದೆ. "ಕರಗ್ತಾ ಇದೆ, ಮೊದಲು ತಿನ್ನು."